ಹಳೆಯ ಇನ್ವರ್ಟರ್‌ಗೆ ಸೋಲಾರ್ ಜೋಡಿಸುವ ಮುನ್ನ

ಏಪ್ರಿಲ್ ತಿಂಗಳ ರಾತ್ರಿ ಎರಡು ಗಂಟೆ. ಹಗಲಿಡೀ ಕಾದ ಶಹಾಬಾದ್ ಕಲ್ಲಿನ ಛಾವಣಿ ಇನ್ನೂ ತಣ್ಣಗಾಗಿಲ್ಲ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಮೂಲೆಯಲ್ಲಿದ್ದ ಇನ್ವರ್ಟರ್ 'ಟಿಕ್' ಎಂದು ಸದ್ದು ಮಾಡುತ್ತದೆ. ಫ್ಯಾನ್ ಮತ್ತೆ ತಿರುಗುತ್ತದೆ. ನೀವು ನೆಮ್ಮದಿಯಿಂದ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತೀರಿ. ಆದರೆ ಪಕ್ಕದ ಕೋಣೆಯಲ್ಲಿ ವಯಸ್ಸಾದ ತಾಯಿ ಆಮ್ಲಜನಕ ಯಂತ್ರದ ಆಸರೆಯಲ್ಲಿ ಮಲಗಿದ್ದರೆ ನಿಮಗೆ ಅಷ್ಟು ಸುಲಭವಾಗಿ ನಿದ್ದೆ ಬಂದೀತೇ?

ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿರುವ ನಮ್ಮ ಹಳೆಯ ಮನೆಯಲ್ಲಿ ಹೀಗೇ ಆಗಿತ್ತು. ಅಮ್ಮಿಗೆ ಉಸಿರಾಟದ ತೊಂದರೆ ಹೆಚ್ಚಾದಾಗ ವೈದ್ಯರು ರಾತ್ರಿ ಹೊತ್ತು ಆಮ್ಲಜನಕ ಯಂತ್ರ ಬಳಸಲು ಸೂಚಿಸಿದರು. ಮನೆಯಲ್ಲಿ ಆರು ವರ್ಷ ಹಳೆಯ ಇನ್ವರ್ಟರ್ ಮತ್ತು ಒಂದು ಬ್ಯಾಟರಿ ಇದ್ದವು. 'ನಮ್ಮೂರಲ್ಲಿ ಬಿಸಿಲಿಗೇನು ಬರ? ಮಾಳಿಗೆಯ ಮೇಲೊಂದು ಸೋಲಾರ್ ಪ್ಯಾನೆಲ್ ಇಟ್ಟರೆ ಆಯಿತು' ಎಂದುಕೊಂಡೆವು. ಅಂಗಡಿಯವರೂ 'ಚಿಂತೆ ಬಿಡಿ' ಎಂದರು. 330 ವ್ಯಾಟ್‌ನ ಪ್ಯಾನೆಲ್ ಬಂತು. ಮನೆಯವರಿಗೆಲ್ಲ ಖುಷಿಯೋ ಖುಷಿ.

ಹದಿನೈದು ದಿನಗಳ ನಂತರ ಒಂದು ರಾತ್ರಿ ದೀರ್ಘ ಹೊತ್ತು ಕರೆಂಟ್ ಹೋಯಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ಇನ್ವರ್ಟರ್ ಕೂಗತೊಡಗಿತು. ಸ್ವಲ್ಪ ಹೊತ್ತಿಗೆ ಅಮ್ಮಿಯ ಯಂತ್ರ ನಿಂತೇ ಹೋಯಿತು. ತಮ್ಮ ಸ್ಕೂಟರ್ ಹತ್ತಿ ಆಮ್ಲಜನಕ ಸಿಲಿಂಡರ್ ತರಲು ಓಡಿದ. ಅವನು ಬರುವವರೆಗಿನ ಮುಕ್ಕಾಲು ಗಂಟೆಯನ್ನು ನಾವು ಹೇಗೆ ಕಳೆದೆವೆಂದು ಬರೆಯಲು ಈಗಲೂ ಕೈ ನಡುಗುತ್ತದೆ. ದೇವರ ದಯೆಯಿಂದ ಅನಾಹುತವೇನೂ ಆಗಲಿಲ್ಲ.

ಪ್ರಿಯ ಓದುಗರೇ, ತಪ್ಪು ಸೂರ್ಯನದ್ದಲ್ಲ. ಪ್ಯಾನೆಲ್ ಕೂಡ ಕೆಟ್ಟಿರಲಿಲ್ಲ. ನಮ್ಮ ಅಗತ್ಯವೇನು ಎಂಬುದನ್ನು ನಾವು ಕೇಳಿಕೊಂಡಿರಲಿಲ್ಲ, ಅಷ್ಟೇ. ನಿಮ್ಮ ಮನೆಯಲ್ಲಿ ಆ ತಪ್ಪು ಆಗದಿರಲಿ ಎಂಬ ಉದ್ದೇಶದಿಂದ ಈ ಲೇಖನ.

ತುಂಬಿದ ಕೊಡಕ್ಕೆ ನೀರು

ಮರುದಿನ ಪರಿಚಯದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಪ್ಯಾನೆಲನ್ನು ನೋಡಲೇ ಇಲ್ಲ. ಮೊದಲು ಬ್ಯಾಟರಿಯ ಬಳಿ ಕುಳಿತರು. ಮೀಟರ್ ಇಟ್ಟು ಅಳೆದರು. ನಂತರ ನಕ್ಕು, "ಸರ್, ಹಗಲೆಲ್ಲ ನಿಮ್ಮ ಬ್ಯಾಟರಿ ತುಂಬಿದ ಕೊಡ ಇದ್ದಂಗ ಅದ. ಸೂರ್ಯ ನೀರು ಎಲ್ಲಿ ಹಾಕಬೇಕು?" ಎಂದರು.

ಎಷ್ಟು ಸರಳ ಮಾತು! ಇನ್ವರ್ಟರ್‌ಗೆ ಸದಾ ಕರೆಂಟ್ ಸಂಪರ್ಕ ಇರುತ್ತದೆ. ಬ್ಯಾಟರಿ ಸ್ವಲ್ಪ ಖಾಲಿಯಾದರೂ ಅದು ಕೂಡಲೇ ತುಂಬಿಸಿಬಿಡುತ್ತದೆ. ಬೆಳಿಗ್ಗೆ ಸೂರ್ಯ ಹುಟ್ಟುವಾಗ ಬ್ಯಾಟರಿ ಆಗಲೇ ತುಂಬಿರುತ್ತದೆ. ಆಗ ಪ್ಯಾನೆಲ್ ತಯಾರಿಸುವ ವಿದ್ಯುತ್ ಹೋಗಲು ಜಾಗವೇ ಇರುವುದಿಲ್ಲ. ರಾತ್ರಿ ಕರೆಂಟ್ ಹೋದಾಗ ನಿಮಗೆ ಸಿಗುವುದು ಬ್ಯಾಟರಿಯಲ್ಲಿ ಇರುವಷ್ಟೇ. ಸೂರ್ಯ ರಾತ್ರಿ ಬರುವುದಿಲ್ಲ. ಕೊಡ ಚಿಕ್ಕದಾಗಿದ್ದರೆ, ಅಥವಾ ತೂತು ಬಿದ್ದಿದ್ದರೆ, ನಲ್ಲಿ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ?

ಹಾಗಾದರೆ ಹಳೆಯ ಇನ್ವರ್ಟರ್‌ಗೆ ಪ್ಯಾನೆಲ್ ಜೋಡಿಸುವುದೇ ವ್ಯರ್ಥವೇ? ಖಂಡಿತ ಅಲ್ಲ. ಹಗಲಿನಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ, ಅಥವಾ ಮಳೆ-ಗಾಳಿಗೆ ಕಂಬ ಉರುಳಿ ಎರಡು ದಿನ ಕತ್ತಲಾದಾಗ, ರಾತ್ರಿ ಖಾಲಿಯಾದ ಬ್ಯಾಟರಿಯನ್ನು ಮರುರಾತ್ರಿಯೊಳಗೆ ತುಂಬಿಸಬಲ್ಲದ್ದು ಪ್ಯಾನೆಲ್ ಮಾತ್ರ. ನಮ್ಮ ಭಾಗದಲ್ಲಿ ಮಳೆಗಾಲಕ್ಕೆ ಮುಂಚೆ ಬೀಸುವ ಬಿರುಗಾಳಿಯನ್ನು ಕಂಡವರಿಗೆ ಇದರ ಬೆಲೆ ತಿಳಿದಿದೆ. ಆದರೆ ಅದಕ್ಕೆ ಬ್ಯಾಟರಿ, ತಂತಿ, ಪ್ಯಾನೆಲ್ ಮೂರೂ ಒಂದಕ್ಕೊಂದು ಹೊಂದಬೇಕು.

ಬಿಲ್ಲಿಗಾಗಿಯೋ, ಕತ್ತಲಿಗಾಗಿಯೋ?

ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಎರಡಕ್ಕೂ ದಾರಿ ಬೇರೆ ಬೇರೆ.

ಬಿಲ್ ಉಳಿಸುವುದು ಉದ್ದೇಶವಾದರೆ ಬ್ಯಾಟರಿಯ ಗೊಡವೆ ಬೇಡ. ಮಾಳಿಗೆಯ ಮೇಲಿನ ಪ್ಯಾನೆಲ್‌ಗಳನ್ನು ನೇರವಾಗಿ ವಿದ್ಯುತ್ ಕಂಪನಿಯ ಲೈನಿಗೆ ಜೋಡಿಸುವ ವ್ಯವಸ್ಥೆಯಿದೆ. ನಮ್ಮ ಭಾಗದಲ್ಲಿ ಇದಕ್ಕೆ ಜೆಸ್ಕಾಂ ಅನುಮತಿ ಬೇಕು. ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ 2 ಕಿಲೋವಾಟ್ ವರೆಗೆ ಪ್ರತಿ ಕಿಲೋವಾಟಿಗೆ 30,000 ರೂಪಾಯಿ, 3 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಈ ಸಹಾಯಧನ ಲೈನಿಗೆ ಜೋಡಿಸಿದ ವ್ಯವಸ್ಥೆಗೆ ಮಾತ್ರ. ನಿಮ್ಮ ಹಳೆಯ ಇನ್ವರ್ಟರ್‌ಗೆ ಒಂದು ಪ್ಯಾನೆಲ್ ಸೇರಿಸಿದರೆ ಅದು ಸಿಗುವುದಿಲ್ಲ.

ಇಲ್ಲಿ ಅನೇಕರು ಮೋಸ ಹೋಗುವ ವಿಷಯವೊಂದಿದೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ! ಮಧ್ಯಾಹ್ನದ ಸುಡುಬಿಸಿಲಿನಲ್ಲೂ ನಿಮ್ಮ ಫ್ಯಾನ್ ತಿರುಗುವುದಿಲ್ಲ. ಏಕೆ? ಕರೆಂಟ್ ತೆಗೆದು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದ ಹರಿದ ವಿದ್ಯುತ್ ತಗಲಬಾರದು ಎಂಬ ಕಾರಣಕ್ಕೆ ಹಾಗೆ ರೂಪಿಸಲಾಗಿದೆ. ಅದು ದೋಷವಲ್ಲ, ಒಬ್ಬ ಮನುಷ್ಯನ ಜೀವ ಕಾಯುವ ಏರ್ಪಾಡು.

ಇನ್ನು ಬಿಲ್ಲಿನ ಮಾತು. ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಿಗೆ ಶೂನ್ಯ ಬಿಲ್ ಬರುತ್ತಿದೆ. ಅಂಥ ಮನೆಯವರು ಬಿಲ್ ಉಳಿಸಲೆಂದು ಪ್ಯಾನೆಲ್ ಕೊಂಡರೆ ಉಳಿಯುವುದೇನು? ಅಲ್ಲದೆ, ಯೂನಿಟ್ ಉಳಿಸುವ ಆಸೆಗೆ ಬ್ಯಾಟರಿಯನ್ನು ದಿನಾಲೂ ಖಾಲಿ ಮಾಡಿ ತುಂಬಿಸಿದರೆ ಅದರ ಆಯುಷ್ಯವೇ ಕಡಿಮೆಯಾಗುತ್ತದೆ. ಇನ್ವರ್ಟರ್‌ಗೆ ಪ್ಯಾನೆಲ್ ಜೋಡಿಸುವುದಿದ್ದರೆ ಅದು ಕತ್ತಲನ್ನು ಎದುರಿಸಲಿಕ್ಕಾಗಿ ಎಂದು ತಿಳಿಯಿರಿ.

ಚಕ್ರದ ಮೇಲಿನ ಮನೆಯಿಂದ ಒಂದು ಪಾಠ

ವಿದೇಶಗಳಲ್ಲಿ 'ಮೋಟಾರ್ ಹೋಮ್' ಎಂಬ ವಾಹನಗಳಿವೆ. ಬಸ್ಸಿನೊಳಗೇ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಇರುತ್ತದೆ. ಅಮೆರಿಕ, ಯುರೋಪ್‌ಗಳಲ್ಲಿ ನಿವೃತ್ತರಾದ ಎಷ್ಟೋ ದಂಪತಿಗಳು ಅದರಲ್ಲೇ ತಿಂಗಳುಗಟ್ಟಲೆ ಕಳೆಯುತ್ತಾರೆ. ಅಂಥ ಹಳೆಯ ವಾಹನಗಳಲ್ಲಿಯೂ ನಮ್ಮ ಮನೆಯಂತೆಯೇ 12 ವೋಲ್ಟಿನ ಬ್ಯಾಟರಿ. ಎಂಜಿನ್ ಓಡುವಾಗ ಅಥವಾ ಹೊರಗಿನ ಪ್ಲಗ್ಗಿಗೆ ಸಿಕ್ಕಿಸಿದಾಗ ಅದು ತುಂಬುತ್ತದೆ. ಈಗ ಅದರ ನೆತ್ತಿಯ ಮೇಲೆ ಪ್ಯಾನೆಲ್ ಕೂರಿಸುವವರು ಬಹಳ. ಆದರೆ ವಾಹನದ ಛಾವಣಿ ಎಷ್ಟು ದೊಡ್ಡದಿದ್ದೀತು? ಹೆಚ್ಚು ಪ್ಯಾನೆಲ್ ಇಡಲು ಜಾಗವೇ ಇಲ್ಲ. ಆದ್ದರಿಂದ ಅವರು ಮೊದಲು ಲೆಕ್ಕ ಹಾಕುತ್ತಾರೆ. ಯಾವ ದೀಪ ಎಷ್ಟು ಹೊತ್ತು, ಯಾವ ಫ್ಯಾನ್ ಎಷ್ಟು ವ್ಯಾಟ್ ಎಂದು ಕಾಗದದಲ್ಲಿ ಬರೆಯುತ್ತಾರೆ. ಪ್ಯಾನೆಲ್ ಕೊಳ್ಳುವುದು ಕೊನೆಗೆ.

ನಮ್ಮ ಕರ್ನಾಟಕದಲ್ಲೂ ಇದೇ ಪಾಠ ಹೇಳಿದವರಿದ್ದಾರೆ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆ ಕಟ್ಟಿದ ಹರೀಶ್ ಹಂದೆಯವರು ಕರೆಂಟ್ ಕಾಣದ ಬಡ ಮನೆಗಳಿಗೆ ಸೌರದೀಪ ಮುಟ್ಟಿಸಿದರು. ಬಡವರು ಕಂತಿನಲ್ಲಿ ಹಣ ಕಟ್ಟುವಂತೆ ಬ್ಯಾಂಕ್ ಸಾಲದ ದಾರಿ ತೋರಿಸಿದರು. ಆ ಮನೆಗೆ, ಆ ದುಡಿಮೆಗೆ ಎಷ್ಟು ಬೆಳಕು ಬೇಕೋ ಅಷ್ಟಕ್ಕೆ ತಕ್ಕಂತೆ ವ್ಯವಸ್ಥೆ ಮಾಡುವುದು ಅವರ ರೀತಿ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಒಂದು ಕಾಗದ, ಒಂದು ಪೆನ್ನು

ನೀವೂ ಈಗಲೇ ಕಾಗದ ತೆಗೆದುಕೊಳ್ಳಿ. ಕರೆಂಟ್ ಹೋದಾಗ ನಾಲ್ಕು ಗಂಟೆ ಕಾಲ ಏನೇನು ನಡೆಯಬೇಕು? ಎರಡು ಸಾಮಾನ್ಯ ಸೀಲಿಂಗ್ ಫ್ಯಾನ್ ಎಂದಿಟ್ಟುಕೊಳ್ಳಿ. ಒಂದಕ್ಕೆ 75 ವ್ಯಾಟ್. ಎರಡಕ್ಕೆ ನಾಲ್ಕು ಗಂಟೆಗೆ 600. ನಾಲ್ಕು ಎಲ್‌ಇಡಿ ಬಲ್ಬ್, ತಲಾ 9 ವ್ಯಾಟ್, ಅದು 144. ಇಂಟರ್‌ನೆಟ್ ಪೆಟ್ಟಿಗೆಗೆ 40. ಒಟ್ಟು 784 ವ್ಯಾಟ್-ಗಂಟೆ. ಇನ್ವರ್ಟರ್ ತಾನೇ ಸುಮಾರು ಶೇ. 15ರಷ್ಟು ನುಂಗುತ್ತದೆ. ಹಾಗಾಗಿ ಬ್ಯಾಟರಿಯಿಂದ ಹೋಗುವುದು ಸುಮಾರು 920.

ಈಗ ಬ್ಯಾಟರಿ ನೋಡಿ. 12 ವೋಲ್ಟ್, 150 ಆಂಪಿಯರ್-ಅವರ್ ಎಂದು ಬರೆದಿದ್ದರೆ ಎರಡನ್ನೂ ಗುಣಿಸಿ. 1800. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು. ಅರ್ಧಕ್ಕೆ ನಿಲ್ಲಿಸಿದರೆ ಹೆಚ್ಚು ಕಾಲ ಬಾಳುತ್ತದೆ. ಅಂದರೆ ನಿಮ್ಮ ಕೈಗೆ ಸಿಗುವುದು 900. ನಾಲ್ಕು ಗಂಟೆಗೆ ಲೆಕ್ಕ ಸರಿಹೋಯಿತು. ಅದೂ ಬ್ಯಾಟರಿ ಹೊಸದಿದ್ದರೆ!

ಸಹೋದರಿಯರೇ, ಇಲ್ಲೊಂದು ಗುಟ್ಟಿದೆ. ಆ ಎರಡು ಫ್ಯಾನ್‌ಗಳ ಬದಲು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಂದಕ್ಕೆ ಸುಮಾರು 28 ವ್ಯಾಟ್ ಸಾಕು. ಒಟ್ಟು ಲೆಕ್ಕ 784ರಿಂದ 408ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಹೋಗುವುದು 920ರ ಬದಲು 480. ಇನ್ನೊಂದು ಬ್ಯಾಟರಿ ಕೊಂಡಷ್ಟೇ ಲಾಭ! ಸೋಲಾರ್‌ಗೆ ಮೊದಲು ಫ್ಯಾನ್ ಬದಲಿಸಿ ಎಂದು ಯಾವ ಅಂಗಡಿಯವರೂ ನಮಗೆ ಹೇಳಲಿಲ್ಲ. ಉಳಿಸಿದ ವಿದ್ಯುತ್ತೇ ಎಲ್ಲಕ್ಕಿಂತ ಅಗ್ಗದ ವಿದ್ಯುತ್.

ಪ್ಯಾನೆಲ್ ಲೆಕ್ಕ ಕೊನೆಗೆ. ನಮ್ಮ ಭಾಗದ ಬಿಸಿಲಿಗೆ 1 ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಎಂದು ಹಿಡಿಯಬಹುದು. ಮೋಡದ ದಿನ ಕಡಿಮೆ. ಬ್ಯಾಟರಿ ತುಂಬುವಾಗಲೂ ಸ್ವಲ್ಪ ನಷ್ಟವಿದೆ. 920 ತೆಗೆದರೆ 1150ರಷ್ಟು ತುಂಬಬೇಕು. ಅದಕ್ಕೆ 330 ವ್ಯಾಟ್‌ನ ಒಂದು ಪ್ಯಾನೆಲ್ ಸಾಕು. ಫ್ಯಾನ್ ಬದಲಿಸಿದವರಿಗೆ 165 ವ್ಯಾಟ್‌ನದ್ದೇ ಸಾಕು.

ಬಿಸಿಲು ಬೇರೆ, ಬೆಳಕು ಬೇರೆ

'ಕಲಬುರಗಿಯ ಬಿಸಿಲಿಗೆ ಪ್ಯಾನೆಲ್ ಡಬಲ್ ಕೊಡುತ್ತೆ' ಎಂದು ಹೇಳುವವರನ್ನು ನಂಬಬೇಡಿ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕೇ ಹೊರತು ಕಾವು ಅಲ್ಲ. ಅದರ ಮೇಲೆ ಬರೆದಿರುವ ವ್ಯಾಟ್, 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ನಮ್ಮಲ್ಲಿ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಪ್ಯಾನೆಲ್‌ನ ಮೈ 65 ಡಿಗ್ರಿಗೆ ಏರಬಹುದು. ಆಗ ಅದರ ಶಕ್ತಿ ಸುಮಾರು ಶೇ. 15ರಷ್ಟು ತಗ್ಗುತ್ತದೆ. ಆದ್ದರಿಂದ ಪ್ಯಾನೆಲನ್ನು ಮಾಳಿಗೆಗೆ ಅಂಟಿಸದೆ ಅಡಿಯಲ್ಲಿ ಗಾಳಿ ಆಡುವಂತೆ ಎತ್ತರಿಸಿ ಇಡಬೇಕು. ಮುಖ ದಕ್ಷಿಣಕ್ಕೆ, ಸುಮಾರು 15ರಿಂದ 17 ಡಿಗ್ರಿ ಓರೆಯಾಗಿರಲಿ.

ನೀರಿನ ಟ್ಯಾಂಕಿನ ನೆರಳು, ಪಕ್ಕದವರು ಹೊಸದಾಗಿ ಕಟ್ಟಿದ ಮಹಡಿಯ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್‌ನ ಶಕ್ತಿ ಕುಸಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ಮಾಳಿಗೆ ಹತ್ತಿ ನೀವೇ ನೋಡಿ. ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರಿಗೊಂದು ವಿಜ್ಞಾನದ ಪಾಠವೂ ಆದೀತು. ವಾರಕ್ಕೊಮ್ಮೆ ಬೆಳಿಗ್ಗೆ ಪ್ಯಾನೆಲ್ ತಣ್ಣಗಿರುವಾಗ ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ. ಹಳೆಯ ಚಪ್ಪಡಿ ಕಲ್ಲಿನ ಛಾವಣಿಗೆ ತೂತು ಕೊರೆಯಲು ಬಿಡಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ಕಾಲುಗಳನ್ನು ಭಾರವಾದ ಕಾಂಕ್ರೀಟ್ ದಿಮ್ಮಿಗಳಿಗೆ ಬಿಗಿಸಿದರೆ ಗಾಳಿಗೆ ಹಾರುವುದಿಲ್ಲ.

ನಡುವಿನ ಪೆಟ್ಟಿಗೆ ಮತ್ತು ತಂತಿ

ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ಇರಲೇಬೇಕು. ಇಲ್ಲದಿದ್ದರೆ ಬ್ಯಾಟರಿ ಅತಿಯಾಗಿ ತುಂಬಿ ಹಾಳಾಗುತ್ತದೆ. ಇದರಲ್ಲಿ ಎರಡು ಬಗೆ. ಅಗ್ಗದ್ದು ಪಿಡಬ್ಲ್ಯುಎಂ, ದುಬಾರಿಯದು ಎಂಪಿಪಿಟಿ. ನಮಗೆ ಕೊಟ್ಟದ್ದು ಅಗ್ಗದ್ದು. ಅದರಿಂದಾದ ನಷ್ಟ ನೋಡಿ. 330 ವ್ಯಾಟ್‌ನ ಪ್ಯಾನೆಲ್ ಸುಮಾರು 37 ವೋಲ್ಟಿನಲ್ಲಿ 9 ಆಂಪಿಯರ್ ಕೊಡುತ್ತದೆ. ಅಗ್ಗದ ಪೆಟ್ಟಿಗೆ ಆ 37 ವೋಲ್ಟನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ತರುತ್ತದೆ. 13 ಗುಣಿಸು 9, ಅಂದರೆ 117 ವ್ಯಾಟ್ ಮಾತ್ರ! ಮೂರರಲ್ಲಿ ಎರಡು ಪಾಲು ಹಣ ಗಾಳಿಗೆ ಹೋಯಿತು. ಎಂಪಿಪಿಟಿ ಆದರೆ ಹೆಚ್ಚಿನ ವೋಲ್ಟನ್ನು ಹೆಚ್ಚಿನ ಆಂಪಿಯರ್ ಆಗಿ ಬದಲಿಸಿ ಬ್ಯಾಟರಿಗೆ ಕೊಡುತ್ತದೆ. 12 ವೋಲ್ಟ್ ಬ್ಯಾಟರಿಗೆಂದೇ ಮಾಡಿದ, 18 ವೋಲ್ಟಿನ ಚಿಕ್ಕ ಪ್ಯಾನೆಲ್ ಆದರೆ ಅಗ್ಗದ ಪೆಟ್ಟಿಗೆಯೂ ನಡೆದೀತು.

ತಂತಿಯ ವಿಷಯವಂತೂ ಜೀವಕ್ಕೆ ಸಂಬಂಧಿಸಿದ್ದು. 600 ವ್ಯಾಟ್‌ಗೆ ಮನೆಯ 230 ವೋಲ್ಟ್ ಲೈನಿನಲ್ಲಿ ಹರಿಯುವುದು ಮೂರು ಆಂಪಿಯರ್‌ಗಿಂತ ಕಡಿಮೆ. ಅದೇ 600 ವ್ಯಾಟ್‌ಗೆ 12 ವೋಲ್ಟ್ ಬ್ಯಾಟರಿಯಿಂದ 50 ಆಂಪಿಯರ್ ಹರಿಯಬೇಕು! ತೆಳ್ಳನೆಯ ತಂತಿ, ಸಡಿಲ ನಟ್ಟು ಇದ್ದರೆ ಅಲ್ಲಿ ಕಾದು ಬೆಂಕಿ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ತಂತಿ ದಪ್ಪವಾಗಿ, ಗಿಡ್ಡವಾಗಿ ಇರಲಿ. ಮಾಳಿಗೆಯಿಂದ ಇಳಿಯುವ ತಂತಿ ಬಿಸಿಲು ತಡೆಯುವ ಸೋಲಾರ್ ಕೇಬಲ್ ಆಗಿರಲಿ, 4 ಚದರ ಮಿಲಿಮೀಟರಿಗಿಂತ ತೆಳ್ಳಗೆ ಬೇಡ. ಬ್ಯಾಟರಿಯ ಬಳಿಯೇ ಫ್ಯೂಸ್ ಇರಲಿ. ಮನೆಯ ಸಾಮಾನ್ಯ ಸ್ವಿಚ್‌ಗಳನ್ನು ಪ್ಯಾನೆಲ್‌ನ ಲೈನಿಗೆ ಬಳಸಕೂಡದು. ಡಿಸಿ ವಿದ್ಯುತ್ತಿನ ಕಿಡಿ ಸುಲಭಕ್ಕೆ ಆರುವುದಿಲ್ಲ. ಅದಕ್ಕೆಂದೇ ಬೇರೆ ಸ್ವಿಚ್‌ಗಳಿವೆ. ಹಳೆಯ ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಮೊದಲೇ ಪರೀಕ್ಷೆ ಮಾಡಿಸಿ. ಈ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ.

ಹಳೆಯ ಬ್ಯಾಟರಿಯ ನಾಡಿ ನೋಡಿ

ರಾತ್ರಿ ನಮ್ಮ ಕೈಬಿಟ್ಟದ್ದು ಆರು ವರ್ಷದ ಬ್ಯಾಟರಿ. ಮೀಟರಿನಲ್ಲಿ ಪೂರ್ತಿ ತುಂಬಿದಂತೆ ತೋರಿಸುತ್ತಿತ್ತು. ಆದರೆ ಒಳಗೆ ಅರ್ಧದಷ್ಟೂ ಸತ್ವವಿರಲಿಲ್ಲ. ನಿಮ್ಮ ಬ್ಯಾಟರಿಯ ಸತ್ವ ತಿಳಿಯಲು ಸುಲಭ ಉಪಾಯವಿದೆ. ರಜೆಯ ದಿನ ಹಗಲಿನಲ್ಲಿ ಇನ್ವರ್ಟರ್‌ನ ಮೇನ್ ಸ್ವಿಚ್ ಆರಿಸಿ, ಗೊತ್ತಿರುವ ವ್ಯಾಟಿನ ಫ್ಯಾನ್-ದೀಪ ಹಚ್ಚಿ, ಗಡಿಯಾರ ನೋಡಿ. ಎಚ್ಚರಿಕೆಯ ಸದ್ದು ಬರುವವರೆಗೆ ಎಷ್ಟು ಹೊತ್ತು ಬಾಳಿತು? ಅದೇ ನಿಮ್ಮ ನಿಜವಾದ ಬ್ಯಾಟರಿ. ರೋಗಿಯ ಯಂತ್ರ ಇದ್ದ ಮನೆಯಲ್ಲಿ ಈ ಪರೀಕ್ಷೆಯನ್ನು ಕತ್ತಲು ಬಂದು ಮಾಡುವವರೆಗೆ ಕಾಯಬೇಡಿ.

ಹಳೆಯ ಬ್ಯಾಟರಿಯ ಜೊತೆ ಹೊಸದನ್ನು ಜೋಡಿಸಬಾರದು. ಹಳೆಯದು ಹೊಸದನ್ನೂ ಕೆಡಿಸುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ನಲ್ಲಿ ನೀರು ಹಾಕಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಉರಿಯುವ ಅನಿಲ ಹೊರಡುತ್ತದೆ. ಆದ್ದರಿಂದ ಅದನ್ನು ಗಾಳಿಯಾಡುವ, ನೆರಳಿನ, ಒಲೆಯಿಂದ ದೂರದ ಜಾಗದಲ್ಲಿಡಿ. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಡಬೇಡಿ. ಅದರ ಸೀಸ ಮಕ್ಕಳ ಮೆದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರ ಮೇಲಿದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಟ್ಟು ಬೆಲೆ ಕಡಿಮೆ ಮಾಡಿಸಿಕೊಳ್ಳಿ.

ನಮ್ಮ ಮನೆ ಈಗ

ಕಡೆಗೆ ನಾವು ಏನು ಮಾಡಿದೆವು? ಅಮ್ಮಿಯ ಯಂತ್ರಕ್ಕೆ 350 ವ್ಯಾಟ್. ಒಂದು ಬಿಎಲ್‌ಡಿಸಿ ಫ್ಯಾನ್, ಒಂದು ದೀಪ ಸೇರಿ 387. ಇದಕ್ಕೆ ಎರಡು ಹೊಸ ಬ್ಯಾಟರಿ, 24 ವೋಲ್ಟಿನ, ಶುದ್ಧ ಸೈನ್ ವೇವ್ ಕೊಡುವ ಇನ್ವರ್ಟರ್ ತಂದೆವು. ಇಂಥ ಯಂತ್ರಗಳಿಗೆ ಅಗ್ಗದ ಇನ್ವರ್ಟರ್ ಹೊಂದುವುದಿಲ್ಲ. ಈಗ ಬ್ಯಾಟರಿ ಅರ್ಧಕ್ಕೆ ಇಳಿಯುವ ಮುನ್ನ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಇನ್ನೊಂದು 330 ವ್ಯಾಟ್ ಪ್ಯಾನೆಲ್ ಸೇರಿಸಿ ಎಂಪಿಪಿಟಿ ಹಾಕಿಸಿದೆವು. ಹಗಲಿಡೀ ಕರೆಂಟ್ ಬಾರದಿದ್ದರೂ ಒಂದು ಒಳ್ಳೆಯ ಬಿಸಿಲಿನ ದಿನದಲ್ಲಿ ಬ್ಯಾಟರಿ ಮತ್ತೆ ತುಂಬುತ್ತದೆ. ಇಷ್ಟಾದರೂ ಅಮ್ಮಿಯ ಮಂಚದ ಬಳಿ ತುಂಬಿದ ಆಮ್ಲಜನಕ ಸಿಲಿಂಡರ್ ಸದಾ ಇರುತ್ತದೆ. ಯಂತ್ರವನ್ನು ನಂಬಬೇಕು, ಆದರೆ ಅದೊಂದನ್ನೇ ನಂಬಿ ಕೂರಬಾರದು. ನಿಮ್ಮ ಮನೆಯಲ್ಲೂ ಇಂಥ ರೋಗಿಗಳಿದ್ದರೆ ವೈದ್ಯರನ್ನು ಕೇಳಿ ಸಿಲಿಂಡರ್ ಏರ್ಪಾಡು ಮೊದಲು ಮಾಡಿಕೊಳ್ಳಿ. ಪ್ಯಾನೆಲ್ ಆಮೇಲಾಗಲಿ.

ಅಂಗಡಿಗೆ ಹೋಗುವ ಮುನ್ನ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಕರೆಂಟ್ ಹೋಗುವುದು ಹಗಲಲ್ಲೋ ರಾತ್ರಿಯೋ, ಎಷ್ಟು ಹೊತ್ತು? ಆಗ ನಡೆಯಲೇಬೇಕಾದದ್ದು ಯಾವುದು, ಎಷ್ಟು ವ್ಯಾಟ್? ಬ್ಯಾಟರಿ ನಿಜಕ್ಕೂ ಎಷ್ಟು ಹೊತ್ತು ಬಾಳುತ್ತದೆ? ಮಾಳಿಗೆಯಲ್ಲಿ ನೆರಳಿಲ್ಲದ ಜಾಗ ಎಲ್ಲಿದೆ? ಪ್ಯಾನೆಲ್‌ನ ವೋಲ್ಟಿಗೆ ಹೊಂದುವ ಕಂಟ್ರೋಲರ್ ಯಾವುದು? ಕೊನೆಯ ಪ್ರಶ್ನೆಗೆ ಉತ್ತರವನ್ನು ಅಂಗಡಿಯವರಿಂದ ಬರಹದಲ್ಲಿ ಪಡೆಯಿರಿ.

ಕಳೆದ ಬೇಸಿಗೆಯಲ್ಲಿ ಮತ್ತೊಮ್ಮೆ ನಡುರಾತ್ರಿ ಕರೆಂಟ್ ಹೋಯಿತು. ಇನ್ವರ್ಟರ್ 'ಟಿಕ್' ಎಂದಿತು. ನಾನು ಎದ್ದು ಅಮ್ಮಿಯ ಕೋಣೆಗೆ ಹೋದೆ. ಯಂತ್ರ ಗುಂಯ್‌ಗುಡುತ್ತಿತ್ತು. ಅಮ್ಮಿ ಎಚ್ಚರವಾಗಿದ್ದರು. "ಹೋಗಿ ಮಲಕೋ ಬೇಟಾ, ನಡೀತಾ ಇದೆ" ಎಂದರು.